ಎಲೆಕ್ಟ್ರಿಕ್ ಗಿಟಾರಿನ ಮರ ಬರುವುದೆಲ್ಲಿಂದ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇರುವುದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಹಾಸನದಲ್ಲಿ ಪದವಿ ಓದುತ್ತಿರುವ ನನ್ನ ಮಗಳು ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದಾಳೆ. ಅದರ ಜೊತೆ ಬಂದ ಚೀಟಿಯಲ್ಲಿ ಬಾಡಿ ಪಾಪ್ಲರ್, ನೆಕ್ ಮೇಪಲ್, ಫ್ರೆಟ್‌ಬೋರ್ಡ್ ಇಂಡಿಯನ್ ಲಾರೆಲ್ ಎಂದಿದೆ. ಈ ಮರಗಳು ಎಲ್ಲಿ ಬೆಳೆಯುತ್ತವೆ? ಇಂಡಿಯನ್ ಲಾರೆಲ್ ಎಂದರೆ ನಮ್ಮ ಕಡೆಯ ಯಾವ ಮರ? ದುಬಾರಿ ಗಿಟಾರುಗಳಿಗೂ ಇವೇ ಮರಗಳೇ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಗಿಟಾರಿನ ಒಡಲು ಬಾಡಿ, ಅದರಿಂದ ಚಾಚಿದ ಉದ್ದನೆಯ ಕಡ್ಡಿ ನೆಕ್, ನೆಕ್‌ನ ಮೇಲೆ ಬೆರಳೊತ್ತುವ ತೆಳು ಪಟ್ಟಿ ಫ್ರೆಟ್‌ಬೋರ್ಡ್. ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಗಿಟಾರ್ ಕಂಪನಿಗಳು ಇಂಡಿಯನ್ ಲಾರೆಲ್ ಎಂದು ಕರೆಯುವುದು ನಮ್ಮ ಮತ್ತಿ ಮರವನ್ನು. ಭದ್ರಾ ಅಭಯಾರಣ್ಯದ ಎಲೆಯುದುರುವ ಕಾಡಿನಲ್ಲಿ, ಬಂಡೀಪುರ, ನಾಗರಹೊಳೆಗಳಲ್ಲಿ, ಮಲೆನಾಡಿನ ಹಳೆಯ ತೋಟಗಳ ನೆರಳಿನ ಮರಗಳ ನಡುವೆ, ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಸೀಳಿದ ಕಪ್ಪು ತೊಗಟೆಯ ಮತ್ತಿಯನ್ನು ನೀವು ದಿನವೂ ನೋಡುತ್ತಿರುತ್ತೀರಿ. ತಾರೆ, ಅಳಲೆ, ಹೊಳೆಮತ್ತಿಗಳು ಅದೇ ಕುಲಕ್ಕೆ ಸೇರಿದವು. ಹಾಗೆಂದು ನಿಮ್ಮ ಮಗಳ ಗಿಟಾರಿನ ಮರ ಮಲೆನಾಡಿನದೇ ಎಂದು ಹೇಳಲಾಗದು. ಮತ್ತಿ ಭಾರತದಿಂದ ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂವರೆಗೂ ಬೆಳೆಯುವ ಮರ.

ತೊಲೆ, ಬಾಗಿಲು, ಗಾಡಿಯ ಭಾಗಗಳಿಗೆ ಬಳಕೆಯಾಗುತ್ತಿದ್ದ ಮತ್ತಿ ಗಿಟಾರಿಗೆ ಏರಿದ್ದು ತೀರ ಇತ್ತೀಚೆಗೆ, ಅದೂ ಬೀಟೆಯ ಬದಲಿಗೆ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನು, ಅಂದರೆ ಡಾಲ್ಬರ್ಜಿಯಾ ಜಾತಿಯ ಮರಗಳನ್ನೆಲ್ಲ, ತನ್ನ ಅನುಬಂಧಗಳೊಳಗೆ ತಂದಿತು. ಅಂದಿನಿಂದ ಬೀಟೆಯ ಸಣ್ಣ ಪಟ್ಟಿಯಿರುವ ಗಿಟಾರನ್ನು ಗಡಿ ದಾಟಿಸಿ ಮಾರಬೇಕಾದರೂ ಕಾಗದಪತ್ರ ಬೇಕಾಯಿತು. ಲಕ್ಷಗಟ್ಟಲೆ ಕಡಿಮೆ ಬೆಲೆಯ ಗಿಟಾರುಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವ ಕಂಪನಿಗಳಿಗೆ ಇದು ದೊಡ್ಡ ಹೊರೆ. ಹಾಗಾಗಿ ಅವು ಮತ್ತಿಗೆ, ದಕ್ಷಿಣ ಅಮೆರಿಕದ ಪೌ ಫೆರೋ ಎಂಬ ಮರಕ್ಕೆ, ಕೆಲವೊಮ್ಮೆ ಕಾಗದ ಮತ್ತು ರಾಳ ಸೇರಿಸಿ ಒತ್ತಿದ ಹಲಗೆಗೆ ಹೊರಳಿಕೊಂಡವು. 2019ರ ನವೆಂಬರ್ 26ರಿಂದ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಮತ್ತಿ ಉಳಿದುಕೊಂಡಿತು. ಅದು ಹಾಗೆ ಉಳಿದದ್ದು ಒಳ್ಳೆಯದೇ ಆಯಿತೆಂಬುದು ನನ್ನ ಅಭಿಪ್ರಾಯ. ಮತ್ತಿ ಗಟ್ಟಿಮರ, ಬೆರಳಿನ ಸವೆತವನ್ನು ಚೆನ್ನಾಗಿ ತಡೆಯುತ್ತದೆ. ಬೀಟೆಯಷ್ಟು ಎಣ್ಣೆಯಂಶ ಇಲ್ಲದ್ದರಿಂದ ಬೇಗ ಒಣಗಿದಂತೆ ಕಾಣುತ್ತದೆ, ಅಷ್ಟೇ. ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಫ್ರೆಟ್‌ಬೋರ್ಡಿಗೆಂದೇ ಮಾರುವ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಒರೆಸುವಂತೆ ಮಗಳಿಗೆ ಹೇಳಿ.

ನೆಕ್‌ನ ಮೇಪಲ್ ಬರುವುದು ಅಮೆರಿಕದ ಈಶಾನ್ಯ ರಾಜ್ಯಗಳು, ಮಹಾಸರೋವರಗಳ ಸುತ್ತಿನ ಪ್ರದೇಶ ಮತ್ತು ಕೆನಡಾದ ಪೂರ್ವ ಭಾಗದಿಂದ. ಕೆನಡಾದ ಧ್ವಜದ ಮೇಲಿರುವುದು ಮೇಪಲ್ ಎಲೆಯೇ. ಮೇಪಲ್‌ಗಳಲ್ಲಿ ಗಿಟಾರಿಗೆ ಹೆಚ್ಚು ಒಗ್ಗುವುದು ರಸ ಇಳಿಸಿ ಪಾಕ ಕಾಯಿಸುವ ಗಟ್ಟಿ ಮೇಪಲ್. ಗಿಟಾರಿನ ಆರು ತಂತಿಗಳು ಸೇರಿ ನೆಕ್ಕನ್ನು ಹಗಲಿರುಳು ಸುಮಾರು 45 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಎರಡು ಬೆರಳಿನಷ್ಟೂ ದಪ್ಪವಿಲ್ಲದ ಆ ಕಡ್ಡಿ ಬಾಗದಿರಲು ಒಳಗೆ ಉಕ್ಕಿನ ಸರಳು ಕೂರಿಸಿರುತ್ತಾರೆ. ಆದರೂ ಮರದ ಎಳೆ ನೇರವಾಗಿಲ್ಲದಿದ್ದರೆ ಸರಳೊಂದೇ ಏನೂ ಮಾಡಲಾರದು. ಚಳಿನಾಡಿನಲ್ಲಿ ನಿಧಾನವಾಗಿ ಬೆಳೆದ, ಎಳೆ ಬಿಗಿಯಾದ ಮೇಪಲ್‌ಗೆ ಇಲ್ಲಿ ಬೇಡಿಕೆ ಬಂದಿರುವುದು ಆ ಕಾರಣಕ್ಕೆ.

ಬಾಡಿಯ ಪಾಪ್ಲರ್ ಬಗ್ಗೆ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಮರಗಳು ಮಾರಾಟವಾಗುತ್ತವೆ. ಅಮೆರಿಕದಲ್ಲಿ ಪಾಪ್ಲರ್ ಎಂದು ಕರೆಯುವ ನಾಟಾ ಸಾಮಾನ್ಯವಾಗಿ ಅಲ್ಲಿನ ಪೂರ್ವ ಭಾಗದ ಟ್ಯುಲಿಪ್ ಮರದ್ದು, ಅದು ನಮ್ಮ ಸಂಪಿಗೆಯ ಕುಟುಂಬದ್ದು. ನಿಜವಾದ ಪಾಪ್ಲರ್ ಬೇರೆಯೇ ಮರ, ಚೀನಾದಲ್ಲಿ ಅದರ ವಿಶಾಲ ನೆಡುತೋಪುಗಳಿವೆ. ಎರಡೂ ಬೇಗ ಬೆಳೆಯುವ, ಮೆದುವಾದ, ಅಗ್ಗದ ಮರಗಳೇ ಆದ್ದರಿಂದ ಕಾಡಿನ ದೃಷ್ಟಿಯಿಂದ ಚಿಂತೆಗೆ ಕಾರಣವಿಲ್ಲ.

ಇನ್ನು ದುಬಾರಿ ಗಿಟಾರುಗಳ ವಿಷಯ. ಅಮೆರಿಕದ ಫೆಂಡರ್ ಕಂಪನಿ 1950ರಲ್ಲಿ ಮಾರುಕಟ್ಟೆಗೆ ತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನ ಬಾಡಿ ಆ್ಯಶ್ ಮರದ್ದು. 1954ರ ಸ್ಟ್ರಾಟೊಕಾಸ್ಟರ್ ಕೂಡ ಆ್ಯಶ್‌ನಿಂದಲೇ ಆರಂಭವಾಗಿ, 1956ರಲ್ಲಿ ಬಹುಪಾಲು ಆಲ್ಡರ್ ಮರಕ್ಕೆ ಬದಲಾಯಿತು. ಆಲ್ಡರ್ ಅಮೆರಿಕದ ಪಶ್ಚಿಮ ಕರಾವಳಿಯ ಓರೆಗನ್, ವಾಷಿಂಗ್ಟನ್ ರಾಜ್ಯಗಳಲ್ಲೂ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಯಥೇಚ್ಛವಾಗಿದೆ. ಕಡಿದು ಬರಿದಾದ ನೆಲದಲ್ಲಿ ತಾನಾಗಿ ಮೊದಲು ಮೇಲೇಳುವ ಮರ ಅದು, ಬೇರಿನ ಗಂಟುಗಳಲ್ಲಿ ಸಾರಜನಕವನ್ನೂ ಹಿಡಿದಿಡುತ್ತದೆ. ಒಂದು ಕಾಲದಲ್ಲಿ ಅಲ್ಲಿನವರು ಅದನ್ನು ಕಳೆಯ ಮರವೆಂದೇ ಎಣಿಸಿದ್ದರು.

ಆ್ಯಶ್‌ನ ಕಥೆಯನ್ನು ಕಾಫಿ ಬೆಳೆಗಾರರಾದ ನೀವು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುವಿರಿ. ಗಿಟಾರಿಗೆ ಹೆಸರಾದ ಸ್ವಾಂಪ್ ಆ್ಯಶ್ ಬೇರೆ ಜಾತಿಯೇನಲ್ಲ. ಮಿಸಿಸಿಪಿ ನದಿಯ ಕೆಳ ಹರಿವಿನ ಜೌಗು ನೆಲದಲ್ಲಿ, ವರ್ಷದ ಕೆಲವು ತಿಂಗಳು ಬುಡ ನೀರಿನಲ್ಲಿ ಮುಳುಗಿಯೇ ಬೆಳೆಯುವ ಆ್ಯಶ್ ಮರದ ಕೆಳಗಿನ ಭಾಗ ಹಗುರವಾಗಿರುತ್ತದೆ, ಅದನ್ನೇ ಹೀಗೆ ಕರೆಯುತ್ತಾರೆ. 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ, ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಒಂದು ಜೀರುಂಡೆ ಪತ್ತೆಯಾಯಿತು. ಸರಕು ಕಟ್ಟಿದ ಮರದ ಪೆಟ್ಟಿಗೆಗಳ ಮೂಲಕ ಅದು ಹಡಗೇರಿ ಬಂದಿರಬೇಕೆಂದು ತಜ್ಞರು ಭಾವಿಸುತ್ತಾರೆ. ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಒಳಗಿಂದ ತಿಂದು ಒಣಗಿಸುವ ಹಾಗೆಯೇ ಈ ಜೀರುಂಡೆಯ ಮರಿಹುಳುಗಳು ಆ್ಯಶ್ ಮರದ ತೊಗಟೆಯ ಕೆಳಗೆ ಸುರಂಗ ಕೊರೆದು ಆಹಾರದ ಹರಿವನ್ನು ಕತ್ತರಿಸುತ್ತವೆ. ವ್ಯತ್ಯಾಸವೆಂದರೆ ತೋಟದಲ್ಲಿ ರೋಗ ಹಿಡಿದ ಗಿಡವನ್ನು ಗುರುತಿಸಿ ಕಿತ್ತು ಸುಡಬಹುದು, ಕಾಡಿನಲ್ಲಿ ಆ ಕೆಲಸ ಯಾರಿಂದ ಸಾಧ್ಯ? ಕೋಟ್ಯಂತರ ಆ್ಯಶ್ ಮರಗಳು ಸತ್ತವು. ಇದರ ಜೊತೆಗೆ ನದಿಯ ನೆರೆಯಿಂದಾಗಿ ನಾಟಾ ಹೊರತೆಗೆಯುವುದೂ ಕಷ್ಟವಾಗಿ, ಫೆಂಡರ್ 2020ರಲ್ಲಿ ತನ್ನ ಬಹುತೇಕ ಸಾಮಾನ್ಯ ಮಾದರಿಗಳಲ್ಲಿ ಆ್ಯಶ್ ಬಳಸುವುದನ್ನು ನಿಲ್ಲಿಸುವುದಾಗಿ ತಿಳಿಸಿತು.

ಗಿಬ್ಸನ್ ಕಂಪನಿಯ ಹಾದಿ ಬೇರೆ. 1952ರಲ್ಲಿ ಬಂದ ಲೆಸ್ ಪಾಲ್ ಮಾದರಿಯ ಬಾಡಿಗೆ ಮಹಾಗನಿ, ಅದರ ಮೇಲೆ ಮೇಪಲ್ ಹೊದಿಕೆ. ಆ ಮಹಾಗನಿ ಮೆಕ್ಸಿಕೊದ ದಕ್ಷಿಣದಿಂದ ಬ್ರೆಜಿಲ್, ಬೊಲಿವಿಯಾದವರೆಗಿನ ಕಾಡಿನ ಮರ. ಶತಮಾನಗಳ ಕಾಲ ಹಡಗಿಗೆ, ಪೀಠೋಪಕರಣಕ್ಕೆ ಕಡಿದು ಕಾಡು ತೆಳುವಾದ ಮೇಲೆ 2003ರಲ್ಲಿ ಅದೂ ಸೈಟಿಸ್ ನಿಯಂತ್ರಣಕ್ಕೆ ಬಂತು. ಈಗ ಗಿಟಾರಿಗೆ ಬರುವ ಮಹಾಗನಿಯಲ್ಲಿ ಒಂದು ಪಾಲು ಫಿಜಿ ದ್ವೀಪಗಳ ನೆಡುತೋಪುಗಳದ್ದು, ಅಲ್ಲಿ ಬ್ರಿಟಿಷರ ಆಡಳಿತವಿದ್ದಾಗ ನೆಟ್ಟವು. ನಮ್ಮಲ್ಲಿ ಈಚೆಗೆ ರೈತರು ಹೊಲದ ಬದುಗಳಲ್ಲಿ ನೆಡುತ್ತಿರುವ ಮಹಾಗನಿಯ ಮೂಲವೂ ಅದೇ ಅಮೆರಿಕ ಖಂಡ.

ಅಪ್ಪಟ ಕಪ್ಪಿನ ಎಬೊನಿ ಫ್ರೆಟ್‌ಬೋರ್ಡ್ ಹೆಚ್ಚಾಗಿ ಆಫ್ರಿಕಾದ ಕ್ಯಾಮರೂನಿನದು. ಅಲ್ಲಿ ಬಹಳ ಕಾಲ ಒಳಗೆ ಪೂರ್ತಿ ಕಪ್ಪಾಗಿರುವ ಮರಕ್ಕೆ ಮಾತ್ರ ಬೆಲೆಯಿತ್ತು. ಮರ ಉರುಳಿಸಿ ನೋಡುವವರೆಗೆ ಒಳಗಿನ ಬಣ್ಣ ತಿಳಿಯುವುದಿಲ್ಲ, ಹೀಗಾಗಿ ಬಿಳಿ ಪಟ್ಟೆಯಿದ್ದವು ಕಾಡಿನಲ್ಲೇ ಕೊಳೆಯುತ್ತಿದ್ದವು. 2011ರಲ್ಲಿ ಟೇಲರ್ ಎಂಬ ಅಮೆರಿಕದ ಗಿಟಾರ್ ಕಂಪನಿ ಸ್ಪೇನಿನ ನಾಟಾ ವ್ಯಾಪಾರಿ ಕಂಪನಿಯೊಂದಿಗೆ ಸೇರಿ ಯವುಂದೆ ನಗರದ ಎಬೊನಿ ಕಾರ್ಖಾನೆಯೊಂದನ್ನು ಕೊಂಡು, ಪಟ್ಟೆಯಿರುವ ಮರವನ್ನೂ ಗಿಟಾರಿಗೆ ಬಳಸತೊಡಗಿತು. ಈ ಕ್ಷೇತ್ರದಲ್ಲಿ ನಾನು ಮನಸಾರೆ ಮೆಚ್ಚುವ ಕೆಲಸಗಳಲ್ಲಿ ಇದೊಂದು.

ಪ್ರಶ್ನೆ: ಮಹಾಗನಿಯಿಂದ ಗಂಭೀರ ನಾದ, ಆ್ಯಶ್‌ನಿಂದ ಚುರುಕು ನಾದ ಬರುತ್ತದೆಂದು ನಮ್ಮ ಬ್ಯಾಂಡಿನ ಹಿರಿಯರು ಹೇಳುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾದ ಬರುವುದು ವಿದ್ಯುತ್ತಿನಿಂದ ಅಲ್ಲವೇ? ಹಾಗಿದ್ದರೆ ಮರ ಯಾವುದಾದರೇನು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದಕ್ಕೆ ಕೇಳಿಸುವುದು ಉಕ್ಕಿನ ಅಲುಗಾಟ ಮಾತ್ರ. ವೀಣೆಯ ಕೊಡದಂತೆ ಅಥವಾ ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆಯಂತೆ ಇಲ್ಲಿ ಮರ ಗಾಳಿಯನ್ನು ತಾನಾಗಿ ಕಂಪಿಸಬೇಕಿಲ್ಲ. ಇತಿಹಾಸವೂ ನಿಮ್ಮ ಸಂಶಯದ ಪರವಾಗಿದೆ. 1930ರ ದಶಕದ ಆರಂಭದಲ್ಲಿ ರಿಕೆನ್‌ಬ್ಯಾಕರ್ ಕಂಪನಿ ತಯಾರಿಸಿ ಮಾರಿದ ಮೊದಲ ಯಶಸ್ವಿ ಎಲೆಕ್ಟ್ರಿಕ್ ಗಿಟಾರಿನ ಬಾಡಿ ಎರಕದ ಅಲ್ಯೂಮಿನಿಯಂನದು. ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೆ ಮಾಡಿಕೊಂಡ ಪ್ರಯೋಗದ ಗಿಟಾರಿನ ನಡುವೆ ಇದ್ದದ್ದು ನಾಲ್ಕಿಂಚು ಚೌಕದ ಪೈನ್ ತೊಲೆಯ ತುಂಡು. 1950ರ ದಶಕದಲ್ಲಿ ಡ್ಯಾನೆಲೆಕ್ಟ್ರೊ ಕಂಪನಿ ಒತ್ತಿದ ಮರದ ನಾರಿನ ಹಲಗೆಯಿಂದ ಮಾಡಿದ ಗಿಟಾರುಗಳು ಇಂದಿಗೂ ಬೇಡಿಕೆಯಲ್ಲಿವೆ.

ಹಾಗೆಂದು ಮರಕ್ಕೂ ನಾದಕ್ಕೂ ಸಂಬಂಧವೇ ಇಲ್ಲವೆನ್ನುವುದು ಅತಿಯಾಗುತ್ತದೆ. ತಂತಿಯ ಶಕ್ತಿ ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದು ಅದರ ಎರಡು ತುದಿಗಳು ಎಷ್ಟು ಬಿಗಿಯಾಗಿ ನಿಂತಿವೆ ಎಂಬುದನ್ನು ಅವಲಂಬಿಸಿದೆ, ಮತ್ತು ಅದರಲ್ಲಿ ನೆಕ್‌ನ ಪಾತ್ರ ಬಾಡಿಗಿಂತ ಹೆಚ್ಚು. ಆದರೆ ಪಿಕಪ್, ತಂತಿಗಳು, ಆಂಪ್ಲಿಫೈಯರ್, ಸ್ಪೀಕರ್ ಮತ್ತು ನುಡಿಸುವವರ ಬೆರಳು ನಾದದಲ್ಲಿ ತರುವ ವ್ಯತ್ಯಾಸದ ಮುಂದೆ ಬಾಡಿಯ ಮರ ತರುವ ವ್ಯತ್ಯಾಸ ಬಹಳ ಚಿಕ್ಕದು. ಬಾಡಿಗೆ ಮರ ಆರಿಸುವಾಗ ನೋಡಬೇಕಾದದ್ದು ತೂಕ, ಸ್ಕ್ರೂ ಕಚ್ಚಿ ಹಿಡಿಯುವ ಶಕ್ತಿ, ಹವೆಗೆ ಹಿಗ್ಗದೆ ಕುಗ್ಗದೆ ಇರುವ ಗುಣ ಮತ್ತು ಬಣ್ಣ ಹಿಡಿಯುವ ರೀತಿ. ಭಾರವಾದ ಮಹಾಗನಿ ಗಿಟಾರನ್ನು ಗಂಟೆಗಟ್ಟಲೆ ಹೆಗಲಿಗೆ ತೂಗಿಕೊಂಡವರಿಗೆ ತೂಕದ ಮಾತು ಚೆನ್ನಾಗಿ ಗೊತ್ತಿರುತ್ತದೆ. ಅಪರೂಪದ ಮರವೇ ಬೇಕೆಂಬ ಹಟಕ್ಕೆ ನಾದ ಶಾಸ್ತ್ರದಲ್ಲಿ ಗಟ್ಟಿ ಆಧಾರವಿಲ್ಲ ಎಂದು ನಿಮ್ಮ ಹಿರಿಯರಿಗೆ ವಿನಯದಿಂದಲೇ ಹೇಳಬಹುದು.

ಪ್ರಶ್ನೆ: ಮಳೆಗಾಲದ ಗಾಳಿಗೆ ನಮ್ಮ ತೋಟದ ಹಳೆಯ ಬೀಟೆ ಮರವೊಂದು ಬುಡಸಮೇತ ಬಿದ್ದಿದೆ. ವಿದೇಶದ ಗಿಟಾರ್ ಕಂಪನಿಗಳು ಬೀಟೆಗೆ ಒಳ್ಳೆಯ ಬೆಲೆ ಕೊಡುತ್ತವೆಂದು ಪರಿಚಯದವರು ಹೇಳುತ್ತಾರೆ. ಕೊಯ್ಸಿ ನೇರವಾಗಿ ಕಳುಹಿಸಬಹುದೇ?
– ತೋಟದ ಮಾಲೀಕರು, ಸಕಲೇಶಪುರ

ಉತ್ತರ: ದಯವಿಟ್ಟು ಗರಗಸ ತಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ತಿಳಿಸಿ, ಹಿಂಬರಹ ಪಡೆದುಕೊಳ್ಳಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ಹಾಲುವಾಣ, ನೀಲಗಿರಿಯಂತಹ ಕೆಲವು ಮರಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ, ಬೀಟೆಗೆ ಇಲ್ಲ. ಸಾಗಿಸಲು ಪರವಾನಗಿಯೂ ಬೇಕು. ಮರದ ಮೇಲೆ ನಿಮಗೆಷ್ಟು ಹಕ್ಕಿದೆ, ಸರ್ಕಾರಕ್ಕೆಷ್ಟು ಎಂಬುದು ನಿಮ್ಮ ಜಮೀನು ಯಾವ ಷರತ್ತಿನ ಮೇಲೆ ಮಂಜೂರಾಗಿದೆ ಎಂಬುದರ ಮೇಲೆ ನಿಂತಿರುತ್ತದೆ, ಆದ್ದರಿಂದ ಹಳೆಯ ಮಂಜೂರಾತಿ ಪತ್ರವನ್ನು ಹುಡುಕಿಟ್ಟುಕೊಳ್ಳಿ.

ಗಿಟಾರ್ ಕಂಪನಿಗಳಿಗೆ ಬೀಟೆಯ ಮೇಲೆ ಆಸೆ ಹುಟ್ಟಿದ್ದಕ್ಕೆ ಕಾರಣವಿದೆ. ಮೊದಲು ಅವರು ಬಳಸುತ್ತಿದ್ದುದು ಬೀಟೆಯ ಕುಲದ್ದೇ ಆದ ಬ್ರೆಜಿಲಿನ ರೋಸ್‌ವುಡ್. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ಅದರ ದಿಮ್ಮಿಗಳ ರಫ್ತನ್ನು ತಡೆದಾಗ ಎಲ್ಲರ ಕಣ್ಣು ದಕ್ಷಿಣ ಭಾರತದ ಬೀಟೆಯ ಕಡೆ ತಿರುಗಿತು. 1992ರಲ್ಲಿ ಬ್ರೆಜಿಲಿನ ಮರ ಸೈಟಿಸ್‌ನ ಅತ್ಯಂತ ಕಠಿಣವಾದ ಮೊದಲ ಅನುಬಂಧಕ್ಕೆ ಸೇರಿದ ಮೇಲಂತೂ ಹಿಂದಿರುಗುವ ಮಾತೇ ಉಳಿಯಲಿಲ್ಲ. ಬೀಟೆ ಆ ಗೌರವಕ್ಕೆ ತಕ್ಕ ಮರವೇ ಹೌದು. ಹೊಸದಾಗಿ ಕೊಯ್ದ ಚೇಗಿನ ಮೈ ನೇರಳೆ ಬೆರೆತ ಕಂದು ಬಣ್ಣಕ್ಕಿದ್ದು ನಡುನಡುವೆ ಕಪ್ಪು ಗೆರೆಗಳು ಓಡಿರುತ್ತವೆ, ಗರಗಸದ ಹುಡಿಯಿಂದ ಸಿಹಿಯಾದ ಪರಿಮಳ ಏಳುತ್ತದೆ. ಮರದೊಳಗೇ ಎಣ್ಣೆಯಂಶ ಇರುವುದರಿಂದ ಮೇಲೆ ವಾರ್ನಿಷ್ ಬೇಕಿಲ್ಲ. ಮೇಪಲ್ ಫ್ರೆಟ್‌ಬೋರ್ಡಿಗೆ ಲೇಪವಿಲ್ಲದಿದ್ದರೆ ಬೆವರಿಗೆ ಕಪ್ಪಿಡುತ್ತದೆ, ಬೀಟೆಗೆ ಆ ಭಯವಿಲ್ಲ. ಒಂದು ಫ್ರೆಟ್‌ಬೋರ್ಡಿಗೆ ಬೇಕಾದದ್ದು ಸುಮಾರು ಅರ್ಧ ಮೀಟರ್ ಉದ್ದದ, ಆರೇಳು ಸೆಂಟಿಮೀಟರ್ ಅಗಲದ, ಒಂದು ಸೆಂಟಿಮೀಟರಿಗಿಂತ ತೆಳುವಾದ ಪಟ್ಟಿ ಮಾತ್ರ. ಆದರೆ ಅದರಲ್ಲಿ ಗಂಟಾಗಲಿ ಬಿಳಿ ಮರದ ಭಾಗವಾಗಲಿ ಇರಕೂಡದು, ಎಳೆ ತುದಿಯಿಂದ ತುದಿಗೆ ನೇರವಾಗಿರಬೇಕು. ಕೊಂಬೆಯ ಮರ ಒಣಗುವಾಗ ತಿರುಚಿಕೊಳ್ಳುವುದರಿಂದ ದಪ್ಪ ಕಾಂಡದ ಮೇಲೆಯೇ ಎಲ್ಲರ ಕಣ್ಣು.

ನೇರವಾಗಿ ಕಳುಹಿಸುವ ಮಾತಿಗೆ ಬಂದರೆ, ಬೀಟೆಯ ದಿಮ್ಮಿ ಮತ್ತು ಬರಿದೆ ಕೊಯ್ದ ಹಲಗೆಗಳ ರಫ್ತಿಗೆ ನಮ್ಮ ದೇಶದಲ್ಲಿ ನಿರ್ಬಂಧವಿದೆ, ಹೊರಹೋಗಬಹುದಾದದ್ದು ಇಲ್ಲಿಯೇ ಕೆಲಸ ಮುಗಿಸಿದ ವಸ್ತು. ಈ ಗೆರೆ ಎಷ್ಟು ಸೂಕ್ಷ್ಮವೆಂಬುದನ್ನು ಜಗತ್ತಿಗೆ ತೋರಿಸಿದ್ದು ಗಿಬ್ಸನ್ ಪ್ರಕರಣ. ಕಾನೂನು ಮೀರಿ ತಂದ ಮರದ ವ್ಯಾಪಾರವನ್ನು ಅಪರಾಧವಾಗಿಸುವಂತೆ ಅಮೆರಿಕ ತನ್ನ ಲೇಸಿ ಕಾಯ್ದೆಯನ್ನು 2008ರಲ್ಲಿ ತಿದ್ದಿತ್ತು. 2009ರಲ್ಲಿ ಮಡಗಾಸ್ಕರ್‌ನ ಎಬೊನಿಗಾಗಿ, 2011ರ ಆಗಸ್ಟ್‌ನಲ್ಲಿ ಭಾರತದಿಂದ ಹೋದ ಬೀಟೆ ಮತ್ತು ಎಬೊನಿ ಪಟ್ಟಿಗಳಿಗಾಗಿ ಅಲ್ಲಿನ ಅಧಿಕಾರಿಗಳು ಕಂಪನಿಯ ಟೆನೆಸ್ಸಿ ರಾಜ್ಯದ ಕಾರ್ಖಾನೆಗಳನ್ನು ಶೋಧಿಸಿದರು. ಫ್ರೆಟ್‌ಬೋರ್ಡಿಗೆಂದು ಅಳತೆಗೆ ಕತ್ತರಿಸಿದ ಪಟ್ಟಿ ವಾದ್ಯದ ಭಾಗವೋ ಅಥವಾ ಬರಿಯ ಕೊಯ್ದ ಮರವೋ ಎಂಬುದೇ ಅಲ್ಲಿನ ಜಗಳ. 2012ರಲ್ಲಿ ರಾಜಿಯಾಯಿತು. ಮಡಗಾಸ್ಕರ್ ವಿಷಯದಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ನಿಯಮದಲ್ಲಿ ಸ್ಪಷ್ಟತೆ ಸಾಲದೆಂಬ ಕಾರಣಕ್ಕೆ ಇಲ್ಲಿಯ ಮರ ಅದರ ಕೈಗೆ ಮರಳಿತು. ಅಷ್ಟು ದೊಡ್ಡ ಕಂಪನಿಯೇ ಸಿಕ್ಕಿಬಿದ್ದ ದಾರಿಯಲ್ಲಿ ಒಬ್ಬ ಬೆಳೆಗಾರರು ಮಧ್ಯವರ್ತಿಯ ಮಾತು ನಂಬಿ ಹೆಜ್ಜೆ ಇಡುವುದು ತರವಲ್ಲ. ಅಧಿಕೃತವಾಗಿ ಅಳತೆ, ಗುರುತು, ಪಾಸ್ ಆದ ಮೇಲೆ ರಾಜ್ಯದೊಳಗಿನ ಪರವಾನಗಿ ಇರುವ ಸಾಮಿಲ್ ಅಥವಾ ಕುಶಲಕರ್ಮಿಗಳಿಗೆ ಮಾರುವುದು ನಿಮಗಿರುವ ಸುರಕ್ಷಿತ ದಾರಿ.

ಇನ್ನೊಂದು ಮಾತು. ಬೀಟೆಯ ಚೇಗು ಕಟ್ಟಲು ದಶಕಗಳೇ ಬೇಕು, ಕಾಡಿನಲ್ಲಿ ಅದರ ಸಸಿಗಳು ಸಾಕಷ್ಟು ಏಳುತ್ತಿಲ್ಲ, ಜಾಗತಿಕ ಪಟ್ಟಿಯಲ್ಲಿ ಅದು ಅಪಾಯಕ್ಕೊಳಗಾಗಬಲ್ಲ ಮರವೆಂದು ದಾಖಲಾಗಿದೆ. ಇದೇ ಬೀಟೆಯನ್ನು ಇಂಡೋನೇಷ್ಯಾದ ಜಾವಾದಲ್ಲಿ ಸೊನೊಕೆಲಿಂಗ್ ಎಂಬ ಹೆಸರಿನಲ್ಲಿ ನೆಟ್ಟು ಬೆಳೆಸಿ ಗಿಟಾರಿಗೆ ಒದಗಿಸುತ್ತಿದ್ದಾರೆ. ಬಿದ್ದ ಮರದ ಬೇರುಗಳಿಂದ ಚಿಗುರು ಎದ್ದರೆ ದಯವಿಟ್ಟು ಕಳೆ ಎಂದು ಸವರಿಸಬೇಡಿ.

ಪ್ರಶ್ನೆ: ನಾನು ಮರಗೆಲಸದವನು. ಅಣ್ಣನ ಮಗನಿಗೆ ಎಲೆಕ್ಟ್ರಿಕ್ ಗಿಟಾರ್ ಬಾಡಿ ಮಾಡಿಕೊಡಬೇಕೆಂದಿದ್ದೇನೆ. ಇಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್, ಹಲಸು ಆಗುತ್ತವೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಎರಡೂ ಆಗುತ್ತವೆ. ನನ್ನ ಆಯ್ಕೆ ಹಲಸು. ವೀಣೆ, ಮೃದಂಗಗಳಲ್ಲಿ ತಲೆಮಾರುಗಳಿಂದ ಪರೀಕ್ಷೆಗೊಳಗಾದ ಮರ ಅದು, ಚೇಗಿಗೆ ಗೆದ್ದಲು ಸುಲಭವಾಗಿ ತಾಗುವುದಿಲ್ಲ, ಹಳದಿ ಮೈ ವರ್ಷ ಕಳೆದಂತೆ ಕಂದಾಗುತ್ತ ಹೋಗುವುದೂ ಚೆಂದ. ಸಿಲ್ವರ್ ಓಕ್ ಆಸ್ಟ್ರೇಲಿಯದ ಪೂರ್ವ ಭಾಗದಿಂದ ಕಾಫಿ ತೋಟಗಳಿಗೆ ಬಂದ ಮರ. ಇಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟದ್ದು ಹೆಚ್ಚಾಗಿ ಪ್ಲೈವುಡ್ ಕಾರ್ಖಾನೆ ಸೇರುತ್ತದೆ. ಸರಿಯಾದ ಕಡೆಯಿಂದ ಕೊಯ್ದರೆ ಅದರ ಮೈಮೇಲೆ ಮಿನುಗುವ ಚುಕ್ಕೆಗಳು ಮೂಡುತ್ತವೆ. ಆದರೆ ಹುಳು ಬೇಗ ಹಿಡಿಯುವುದರಿಂದ ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು.

ಬಾಡಿಯ ದಪ್ಪ ಸುಮಾರು 45 ಮಿಲಿಮೀಟರ್. ಅಷ್ಟು ದಪ್ಪದ ಹಲಗೆ ನೆರಳಿನಲ್ಲಿ ಗಾಳಿಗೆ ಒಣಗಲು ಎರಡು ವರ್ಷ ಬೇಕಾಗುತ್ತದೆ, ಒಂದಿಂಚಿಗೆ ಒಂದು ವರ್ಷವೆಂಬ ಬಡಗಿಗಳ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದರೆ ಸೀಳು ಬಿಡುವುದಿಲ್ಲ. ಎರಡು ಹಲಗೆಗಳನ್ನು ನಡುವೆ ಅಂಟಿಸಿ ಬಾಡಿ ಮಾಡುವುದು ಕಾರ್ಖಾನೆಗಳಲ್ಲೂ ಇರುವ ಪದ್ಧತಿ. ಅಂಟಿಸುವ, ಪಿಕಪ್ ಕೂರುವ ಗುಳಿ ತೋಡುವ ಕೆಲಸಗಳನ್ನು ಸಂಕ್ರಾಂತಿಯ ನಂತರದ ಒಣ ತಿಂಗಳುಗಳಿಗೆ ಇಟ್ಟುಕೊಳ್ಳಿ. ಮುಂಗಾರಿನಲ್ಲಿ ಅಳತೆ ಹಿಡಿದು ಕೂರಿಸಿದ ನೆಕ್ ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಮೊದಲ ಸಲಕ್ಕೆ ನೆಕ್ಕನ್ನು ಸಿದ್ಧವಾಗಿ ಕೊಳ್ಳುವುದು ಕ್ಷೇಮ. ಕೈಗೆ ಬಂದ ನಾಟಾ ಯಾವ ಜಾತಿಯದೆಂದು ಖಚಿತವಿಲ್ಲದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿ ಕೊಟ್ಟು ಗುರುತಿಸಿಕೊಳ್ಳಬಹುದು.

ಮುಂದೆ ಫ್ರೆಟ್‌ಬೋರ್ಡನ್ನೂ ನೀವೇ ಮಾಡುವ ಮನಸ್ಸಾದರೆ ಹೊಸ ಬೀಟೆ ಹುಡುಕಬೇಡಿ. ಮನೆಯ ಹಳೆಯ ಬೀಟೆ ಮಂಚದ ಪಕ್ಕದ ಪಟ್ಟಿಯಲ್ಲಿ ಅರ್ಧ ಮೀಟರಿನ ನೇರ ಎಳೆಯ ತುಂಡು ಸುಲಭವಾಗಿ ಸಿಗುತ್ತದೆ, ಅದು ಚೆನ್ನಾಗಿ ಒಣಗಿ ಪಳಗಿರುತ್ತದೆ ಕೂಡ. ಕೊಯ್ಯುವ ಮುಂಚೆ ಒಳಗೆ ಹಳೆಯ ಮೊಳೆ ಮುರಿದು ಉಳಿದಿದೆಯೇ ಎಂದು ಅಯಸ್ಕಾಂತ ಹಿಡಿದು ನೋಡಿಕೊಳ್ಳಿ.